ಮಸ್ಕತ್ತಿನ ಬ್ಯಾಂಕಿಗೆ ಬ್ಯಾಡಗಿಯ ಖಾತೆದಾರ

ಪರದೇಶಕ್ಕೆ ಹೋದವನಿಗೆ ಊಟ ಬದಲಾಗುತ್ತದೆ, ನೀರು ಬದಲಾಗುತ್ತದೆ. ಅವೆಲ್ಲ ತಿಂಗಳೊಪ್ಪತ್ತಿನಲ್ಲಿ ರೂಢಿಯಾಗುತ್ತವೆ. ಬ್ಯಾಂಕು ಮಾತ್ರ ರೂಢಿಯಾಗುವುದಿಲ್ಲ. ನಾನು ಬ್ಯಾಡಗಿಯವನು. ರಾಣೆಬೆನ್ನೂರಿನಲ್ಲಿ ಮೋಟಾರು ವೈಂಡಿಂಗ್ ಮಾಡಿಕೊಂಡಿದ್ದವನು ಎಂಬತ್ತರ ದಶಕದ ಕೊನೆಗೆ ಮಸ್ಕತ್ತಿಗೆ ಹೋಗಿ, ಏಸಿ ರಿಪೇರಿಯ ಕಂಪನಿಯೊಂದರಲ್ಲಿ ಆರು ವರ್ಷ ದುಡಿದೆ. ಕೆಲಸದಲ್ಲಿ ಎಂದೂ ನಗೆಗೀಡಾಗಲಿಲ್ಲ. ಬ್ಯಾಂಕಿನ ಹೊಸ್ತಿಲು ತುಳಿದಾಗ ಮಾತ್ರ ಏನಾದರೊಂದು ಆಗಿಯೇ ಆಗುತ್ತಿತ್ತು.

ಕೂಗಿದ್ದು ಯಾರನ್ನು

ಸಂಬಳ ಹಾಕಲು ಖಾತೆ ಬೇಕೆಂದು ಕಂಪನಿಯವರು ಮೊದಲ ವಾರವೇ ಬ್ಯಾಂಕಿಗೆ ಕಳಿಸಿದರು. ಫಾರಮ್ಮಿನಲ್ಲಿ ಹೆಸರಿಗೆ ಎರಡು ಮನೆಗಳಿದ್ದವು. ಮೊದಲನೆಯದರಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ಅಪ್ಪನ ಹೆಸರು ಬರೆದೆ: ಫಕ್ಕೀರಪ್ಪ. ನಮ್ಮ ಕಡೆ ಮನೆಗೊಬ್ಬ ಫಕ್ಕೀರಪ್ಪ ಇರುತ್ತಾನೆ, ಅದರಲ್ಲಿ ವಿಶೇಷವೇನಿಲ್ಲ.

ಫಾರಮ್ಮು ಕೊಟ್ಟು ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಗುಮಾಸ್ತ, ‘ಮಿಸ್ಟರ್ ಫಕೀರ್’ ಎಂದು ಕೂಗಿದ. ಯಾರೂ ಏಳಲಿಲ್ಲ. ಮತ್ತೆ ಕೂಗಿದ. ನಮ್ಮ ಕಡೆಯ ಹೆಸರಿನಂತಿದೆಯಲ್ಲ, ಯಾರೋ ಶಿರಹಟ್ಟಿ ಕಡೆಯವರು ಬಂದಿರಬೇಕು, ಪರಿಚಯ ಮಾಡಿಕೊಂಡರಾಯಿತು ಎಂದು ನಾನೂ ಖುಷಿಯಿಂದ ಸುತ್ತ ನೋಡಿದೆ. ಬಿಳಿ ನಿಲುವಂಗಿಯ ಅರಬರೂ ಸುತ್ತ ನೋಡುತ್ತಿದ್ದರು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದ ಫಕೀರ ಯಾರೆಂದು ಅವರಿಗೂ ಕುತೂಹಲ.

ಮುಕ್ಕಾಲು ತಾಸು ಹೀಗೇ ಕಳೆಯಿತು. ನನ್ನ ಹಿಂದಿನಿಂದ ಬಂದವರೆಲ್ಲ ಕೆಲಸ ಮುಗಿಸಿ ಹೋದರು. ಕಡೆಗೆ ಗುಮಾಸ್ತನೇ ಎದ್ದು ಬಂದು ಪಾಸ್‌ಪೋರ್ಟಿನ ಫೋಟೋ ನನ್ನ ಮುಖದ ಪಕ್ಕ ಹಿಡಿದ. ಅವನು ಕೇರಳದವನು. ‘ಇಷ್ಟು ಸಲ ಕೂಗಿದರೂ ಯಾಕೆ ಏಳಲಿಲ್ಲ?’ ಎಂದು ಹಿಂದಿಯಲ್ಲಿ ಕೇಳಿದ.

‘ಅದು ನಮ್ಮಪ್ಪನ ಹೆಸರು. ಅವರು ಊರಲ್ಲಿದ್ದಾರೆ,’ ಎಂದೆ.

‘ಇಲ್ಲಿ ಕೊನೆಯ ಮನೆಯ ಹೆಸರನ್ನೇ ಕೂಗುವುದು. ಇವತ್ತಿನಿಂದ ನೀನೇ ಫಕೀರ್.’

ಆರು ವರ್ಷವೂ ಆ ಬ್ಯಾಂಕಿನಲ್ಲಿ ಅದೇ ಹೆಸರು ಉಳಿಯಿತು. ತಿಂಗಳ ಕೊನೆಯ ವಾರದಲ್ಲಿ ಅದು ನನಗೆ ಚೆನ್ನಾಗಿ ಒಪ್ಪುತ್ತಲೂ ಇತ್ತು.

ಸಹಿಯ ಮೇಲು ಕೆಳಗು

ನನ್ನ ಸಹಿ ಕನ್ನಡದಲ್ಲಿ. ಅಪ್ಪ ಹೆಡ್‌ಮಾಸ್ತರರಾಗಿದ್ದವರು, ಬೇರೆ ಭಾಷೆಯ ಸಹಿ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಒಂದು ದಿನ ಹಣ ತೆಗೆಯಲು ಹೋದಾಗ ಕೌಂಟರಿನಲ್ಲಿ ಅಲ್ಲಿಯವನೇ ಆದ ಹೊಸ ಹುಡುಗ ಕುಳಿತಿದ್ದ. ನನ್ನ ಚೀಟಿಯನ್ನೂ ಸಹಿ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಸುತ್ತನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಎರಡನ್ನೂ ತಲೆಕೆಳಗಾಗಿ ಹಿಡಿದಿದ್ದ. ನಾನು ಮೆಲ್ಲಗೆ ಹೇಳಿದೆ. ಅವನು ನಾಚಿಕೊಂಡು ಎರಡನ್ನೂ ನೆಟ್ಟಗೆ ತಿರುಗಿಸಿ ನೋಡಿದ. ಹುಬ್ಬು ಗಂಟಿಕ್ಕಿದ.

‘ಹೀಗೆ ಹಿಡಿದರೆ ಹೊಂದುತ್ತಿಲ್ಲ,’ ಎಂದ. ಮತ್ತೆ ತಲೆಕೆಳಗು ಮಾಡಿದ. ‘ಹೀಗೆ ಹಿಡಿದರೆ ಸರಿಯಾಗಿದೆ.’

ಹಣ ಕೊಟ್ಟ. ಮುಂದೆ ಬರುವವರಿಗೆ ತೊಂದರೆಯಾಗಬಾರದೆಂದು ನನ್ನ ಕಾರ್ಡಿನ ಮೂಲೆಯಲ್ಲಿ ಕೆಳಮುಖವಾಗಿ ಒಂದು ಬಾಣವನ್ನೂ ಬರೆದಿಟ್ಟ.

ಇಲ್ಲದವನಿಗೆ ಪತ್ರ

ಇದು ನಡೆದದ್ದು ಬ್ಯಾಡಗಿಯಲ್ಲಿ. ಅಪ್ಪ ಕಾಗದ ಬರೆದು ತಿಳಿಸಿದ್ದು.

ಹೊರದೇಶಕ್ಕೆ ಹೋದ ಮೇಲೆ ಊರಿನ ಹಳೆಯ ಖಾತೆಯನ್ನು ಅನಿವಾಸಿ ಖಾತೆ ಮಾಡಿಸಬೇಕಿತ್ತು. ನಾನು ಮಸ್ಕತ್ತಿನಿಂದ ಅರ್ಜಿ ಕಳಿಸಿದೆ. ಊರ ಬ್ಯಾಂಕಿನವರು ಉತ್ತರ ಬರೆದರು: ‘ತಾವು ಈ ವಿಳಾಸದಲ್ಲಿ ವಾಸವಾಗಿಲ್ಲವೆಂದು ಖುದ್ದಾಗಿ ಬಂದು ಬರೆದುಕೊಡತಕ್ಕದ್ದು.’ ಅದನ್ನು ಬ್ಯಾಡಗಿಯ ಮನೆಗೇ ಕಳಿಸಿದ್ದರು.

ಅಪ್ಪ ಪತ್ರವನ್ನು ಎರಡು ಸಲ ಓದಿ, ಟೊಪ್ಪಿಗೆ ಇಟ್ಟುಕೊಂಡು ಬ್ಯಾಂಕಿಗೆ ನಡೆದರು.

‘ನನ್ನ ಮಗ ಊರಾಗ ಇಲ್ರಿ. ಮಸ್ಕತ್ತಿನ್ಯಾಗ ಅದಾನ,’ ಎಂದರು.

‘ಹಂಗಂತ ಅವರ ಬಂದು ಬರದು ಕೊಡಬೇಕ್ರಿ ಮಾಸ್ತರ,’ ಎಂದರು ಮ್ಯಾನೇಜರು.

‘ಅಂವ ಬಂದ್ರ ಊರಾಗ ಇದ್ದಂಗ ಆತಲ್ರಿ.’

‘ಏನ್ಮಾಡೂದ್ರಿ, ನಿಯಮ ಹಂಗ ಐತಿ.’

ಅಪ್ಪ ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು. ‘ನಾನೂ ಮೂವತ್ತು ವರ್ಷ ಸಾಲ್ಯಾಗ ಹಾಜರಿ ತಗೊಂಡೇನ್ರಿ ಸಾಹೇಬ್ರ. ಇವತ್ತ ಯಾರ್‍ಯಾರು ಬಂದಿಲ್ಲ, ಅವರು ಎದ್ದು ನಿಂದರ್ರಿ ಅಂತ ಒಮ್ಮೆರ ಕೇಳಿಲ್ಲ.’

ಮುಂದಿನ ಪತ್ರ ನೇರ ಮಸ್ಕತ್ತಿಗೆ ಬಂತು.

ಗುಟ್ಟಿನ ನಂಬರು

ನನ್ನ ಕೋಣೆಯಲ್ಲಿ ಅಗಡಿಯ ಗೌಂಡಿಯೊಬ್ಬನಿದ್ದ. ಗೋಡೆಗೆ ಗಿಲಾವು ಮಾಡಿದರೆ ಕನ್ನಡಿಯಂತಿರಬೇಕು, ಅಂಥ ಕೈ. ಬ್ಯಾಂಕು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿತ್ತು, ಅವನಿಗೆ ಬಿಡುವು ಸಂಜೆಗೆ. ಆ ದಿನಗಳಲ್ಲೇ ಬ್ಯಾಂಕಿನ ಹೊರಗೋಡೆಯಲ್ಲಿ ಹಣ ಕೊಡುವ ಯಂತ್ರ ಬಂತು. ಅವನೂ ಒಂದು ಕಾರ್ಡು ಮಾಡಿಸಿದ. ಕೇರಳದ ಗುಮಾಸ್ತ ಮುಚ್ಚಿದ ಲಕೋಟೆ ಕೊಟ್ಟು, ‘ಇದರಲ್ಲಿ ನಾಲ್ಕಂಕಿಯ ನಂಬರಿದೆ. ನೆನಪಿಟ್ಟುಕೊಂಡು ಹರಿದು ಹಾಕು. ಇಲ್ಲಿ ಯಾರಿಗೂ ಹೇಳಬೇಡ,’ ಎಂದ.

ಗೌಂಡಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಇಲ್ಲಿ ಯಾರಿಗೂ ಹೇಳಲಿಲ್ಲ. ಅಗಡಿಯಲ್ಲಿದ್ದ ಹೆಂಡತಿಗೆ ಕಾಗದ ಬರೆದು ನಂಬರು ತಿಳಿಸಿ, ಲಕೋಟೆ ಹರಿದು ಹಾಕಿದ.

ಎರಡು ತಿಂಗಳ ನಂತರ ಅವನಿಗೆ ರಜೆ ಮಂಜೂರಾಯಿತು. ಹೆಂಡತಿಗೆ ಹೊಲಿಗೆ ಯಂತ್ರ ಒಯ್ಯಬೇಕೆಂದು ಬಹಳ ದಿನದ ಆಸೆ. ಹಣ ತೆಗೆಯಲು ಹೋದರೆ ನಂಬರು ನೆನಪಿಲ್ಲ. ಊರಿಗೆ ಕಾಗದ ಬರೆದ. ಉತ್ತರಕ್ಕಾಗಿ ಇಪ್ಪತ್ತು ದಿನ ಕಾದ. ಬಂದ ದಿನವೇ ಹೋಗಿ ನಂಬರು ಒತ್ತಿದ. ಮೂರು ಸಲ ಒತ್ತಿದ ಮೇಲೆ ಯಂತ್ರ ಕಾರ್ಡನ್ನೇ ನುಂಗಿತು.

ಮರುದಿನ ಅರ್ಧ ದಿನ ರಜೆ ಹಾಕಿ, ತನ್ನ ಹಿಂದಿ ಅಷ್ಟಕ್ಕಷ್ಟೇ ಎಂದು ನನ್ನನ್ನು ಮಾತಿಗೆ ಕರೆದುಕೊಂಡು ಬ್ಯಾಂಕಿಗೆ ಬಂದ. ‘ನಂಬರು ಸರಿ ಐತಿ, ನಿಮ್ಮ ಮಷೀನ ಕೆಟ್ಟೈತಿ ಅಂತ ಹೇಳು,’ ಎಂದ. ನಾನು ಹೇಳಿದೆ. ಗೌಂಡಿ ಸಾಕ್ಷಿಗೆ ಹೆಂಡತಿಯ ಕಾಗದವನ್ನು ಮುಂದೆ ಹಿಡಿದ. ಗುಮಾಸ್ತ ಅದರಲ್ಲಿ ಏನಿದೆ ಓದು ಎಂದ. ಓದಿದೆ.

‘ನೀವು ಕಳಿಸಿದ ನಂಬರು ಕೂಡಿಸಿದ್ರ ಎಂಟ ಆಗತೈತಿ. ಎಂಟು ಶನಿದು, ರೊಕ್ಕಕ್ಕ ಬ್ಯಾಡ ಅಂತ ಅಯ್ಯನೋರು ಹೇಳಿದ್ರು. ಅದಕ್ಕ ಒಂಬತ್ತ ಆಗೂ ಹಂಗ ಬ್ಯಾರೆ ನಂಬರು ತಗಿಸೇನಿ, ತೆಳಗ ಬರದೇನಿ. ಹಳೇದು ಯಾರ ಕೈಗೂ ಸಿಗಬಾರದಂತ ನಿಮ್ಮ ಕಾಗದ ಒಲಿಗೆ ಹಾಕೇನಿ.’

ಹಿಂದಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗುಮಾಸ್ತನ ಕಣ್ಣಲ್ಲಿ ನೀರು ಬಂದಿತ್ತು. ‘ನಮ್ಮ ಬ್ಯಾಂಕಿಗಿಂತ ನಿನ್ನ ಹೆಂಡತಿಯ ಬಂದೋಬಸ್ತು ಗಟ್ಟಿ,’ ಎಂದ. ಗೌಂಡಿಗೆ ಹೊಗಳಿಕೆಯೆಂದೇ ಅನ್ನಿಸಿತು, ತಲೆಯಾಡಿಸಿದ. ಗುಮಾಸ್ತ ಚೀಟಿ ಬರೆಸಿ ಕೌಂಟರಿನಿಂದಲೇ ಹಣ ಕೊಡಿಸಿದ. ಹೊಲಿಗೆ ಯಂತ್ರದ ಚಿಂತೆ ತೀರಿತು. ಹದಿನೈದು ನಿಮಿಷ ಕೂರಿಸಿ ಹೊಸ ಕಾರ್ಡಿಗೂ ಏರ್ಪಾಡು ಮಾಡಿ, ಹೊಸದೊಂದು ಮುಚ್ಚಿದ ಲಕೋಟೆ ಕೈಗಿತ್ತ.

ಗೌಂಡಿ ಅಲ್ಲೇ ನಿಂತು ಲಕೋಟೆ ಒಡೆದ. ಬೆರಳ ಗೆಣ್ಣುಗಳ ಮೇಲೆ ಒಂದು ಸಲ ಕೂಡಿಸಿದ. ಇನ್ನೊಂದು ಸಲ ಕೂಡಿಸಿದ. ಆಮೇಲೆ ಚೀಟಿಯನ್ನು ಮಡಚಿ ಲಕೋಟೆಯೊಳಗಿಟ್ಟು, ಗುಮಾಸ್ತನ ಮುಂದಕ್ಕೆ ಸರಿಸಿ ನನಗೆ ಹೇಳಿದ:

‘ಇದೂ ಎಂಟ ಆಗತೈತಿ. ಒಂದ ನಾಕೈದು ಹೊರಗ ತಗೀ ಅನ್ನು. ನೋಡಿ ತಗೊಳ್ಳೂಣು.’