ಲೆಕ್ಕದ ಮಾಸ್ತರನ ಡೀಸೆಲ್ ಕಾರು

ಕಾರು ಕೊಳ್ಳುವುದು ಕಷ್ಟದ ಕೆಲಸವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಮುಡಬಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿರುವವನು ನಾನು. ಎದುರುಬದುರು ಹೊರಟ ಎರಡು ರೈಲುಗಳು ಎಲ್ಲಿ ಸಂಧಿಸುತ್ತವೆ ಎಂದು ಹೇಳಬಲ್ಲವನಿಗೆ, ಹಳೆಯ ಡೀಸೆಲ್ ಕಾರು ಲಾಭವೋ ಹಳೆಯ ಪೆಟ್ರೋಲ್ ಕಾರು ಲಾಭವೋ ಎಂದು ಹೇಳುವುದು ಎಷ್ಟರ ಮಾತು!

ಕಾರಿನ ವಿಚಾರ ಶುರುವಾದದ್ದು ಅವ್ವನ ಮೊಣಕಾಲಿನಿಂದ. ಆಪರೇಷನ್ ಆದ ಮೇಲೆ ಆಕೆಯನ್ನು ವಾರಕ್ಕೊಮ್ಮೆ ನಮ್ಮ ಮನೆಯಿರುವ ಬಸವಕಲ್ಯಾಣದಿಂದ ಹುಮನಾಬಾದಿಗೆ ಕರೆದೊಯ್ದು ಕಾಲಿಗೆ ವ್ಯಾಯಾಮ ಮಾಡಿಸಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಆಕೆಗೆ ಆಗುತ್ತಿರಲಿಲ್ಲ. ಟಂಟಂ ಆಟೋದಲ್ಲಿ ಕೂರಿಸಿದರೆ, ವ್ಯಾಯಾಮದಿಂದ ಬಂದ ಗುಣವೆಲ್ಲ ವಾಪಸ್ ಬರುವ ದಾರಿಯಲ್ಲೇ ಉದುರಿಹೋಗುತ್ತಿತ್ತು. ಕೈಯಲ್ಲಿ ಎರಡೂವರೆ ಲಕ್ಷವಿತ್ತು. ಅದರೊಳಗೆ ಒಂದು ಹಳೆಯ ಕಾರು ತರುತ್ತೇನೆಂದು ನಿರ್ಧಾರ ಮಾಡಿದೆ. ನನ್ನ ಮನೆಯಲ್ಲಿ ನಿರ್ಧಾರಗಳನ್ನು ನಾನೇ ಮಾಡುವುದು. ಅವುಗಳನ್ನು ಆಮೇಲೆ ಸರಿಪಡಿಸುವವಳು ನನ್ನ ಹೆಂಡತಿ ಸುವರ್ಣಾ.

ಸುವರ್ಣಾಳ ತವರು ಹಳ್ಳಿಖೇಡ. ಅವಳ ಅಪ್ಪ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದವರು. ಹೀಗಾಗಿ ಅವಳು ಇಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದವಳು. ದಿನಾ ಓಡಾಡುವವರಿಗೆ ಡೀಸೆಲ್ ಸರಿ, ವಾರಕ್ಕೊಮ್ಮೆ ಹೊರಗೆ ತೆಗೆಯುವವರಿಗೆ ಪೆಟ್ರೋಲ್ ಸಾಕು, ಕೊಳ್ಳುವಾಗಲೂ ಅಗ್ಗ, ರಿಪೇರಿಯೂ ಅಗ್ಗ ಎಂದು ಒಂದೇ ಉಸಿರಿನಲ್ಲಿ ಹೇಳಿ ರೊಟ್ಟಿ ಬಡಿಯಲು ಹೋದಳು.

ನಾನು ಆ ಕ್ಷಣವೇ ಡೀಸೆಲ್ ಪಕ್ಷ ಸೇರಿದೆ.

ಆದರೆ ಲೆಕ್ಕದ ಮಾಸ್ತರನಾಗಿ ಲೆಕ್ಕವಿಲ್ಲದೆ ತೀರ್ಪು ಕೊಡುವಂತಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದೆ. ವಾರಕ್ಕೊಮ್ಮೆ ಹುಮನಾಬಾದ್ ಎಂದು ಬರೆದು ಲೆಕ್ಕ ಹಾಕಿದರೆ ಪೆಟ್ರೋಲ್ ಗೆದ್ದಿತು. ಎಲ್ಲೋ ತಪ್ಪಾಗಿರಬೇಕು. ತಿಂಗಳಿಗೊಮ್ಮೆ ತುಳಜಾಪುರ ಸೇರಿಸಿದೆ. ಆಗಲೂ ಪೆಟ್ರೋಲೇ. ಪಂಢರಪುರ ಸೇರಿಸಿದೆ, ಸೊಲ್ಲಾಪುರದ ಬೀಗರನ್ನು ಸೇರಿಸಿದೆ. ಆ ಬೀಗರ ಜೊತೆ ನಮಗೆ ಆರು ವರ್ಷದಿಂದ ಮಾತಿಲ್ಲ. ಕೊನೆಗೆ ವರ್ಷಕ್ಕೆ ಎರಡು ಸಲ ಅವ್ವನನ್ನು ಕಾಶಿಗೆ ಕರೆದೊಯ್ದಾಗ ಡೀಸೆಲ್ ನಲವತ್ತು ರೂಪಾಯಿ ಅಂತರದಿಂದ ಗೆದ್ದಿತು. ಅವ್ವ ಕಾಶಿಯ ಹೆಸರನ್ನೇ ಎತ್ತಿದವಳಲ್ಲ. ಇಷ್ಟಕ್ಕೆ ಎರಡು ತಿಂಗಳು ಹಿಡಿಯಿತು.

ನೋಟ್‌ಬುಕ್ಕನ್ನು ಸುವರ್ಣಾಳ ಮುಂದೆ ಇಟ್ಟೆ. ಅವಳು ಪುಟ ತಿರುಗಿಸಿ ನೋಡಿದಳು.

“ಇಷ್ಟೆಲ್ಲಾ ಊರು ತಿರುಗಾಕ ನಿಮ್ಗ ರಜಾ ಯಾರ್ ಕೊಡ್ತಾರ್ರೀ?” ಎಂದಳು.

ಈ ಪ್ರಶ್ನೆ ಪಠ್ಯದ ಹೊರಗಿನದಾದ್ದರಿಂದ ನಾನು ನೋಟ್‌ಬುಕ್ ಮುಚ್ಚಿದೆ.

ಹುಮನಾಬಾದಿನಲ್ಲಿ ಮಾಣಿಕಪ್ಪ ಕಾಕಾ ಎಂಬ ಹಿರಿಯರ ಹತ್ತಿರ ನಮ್ಮ ಬಜೆಟ್ಟಿಗೆ ಹೊಂದುವ ಡೀಸೆಲ್ ಕಾರು ಇದೆಯೆಂದು ತಿಳಿಯಿತು. ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದನ, ಕುರಿ ನೋಡಲು ಸುತ್ತಲಿನ ಊರೂರಿಗೆ ಅದೇ ಕಾರಿನಲ್ಲಿ ತಿರುಗಿದ್ದರು. ಒಂದು ಭಾನುವಾರ ನಾನೂ ಸುವರ್ಣಾಳೂ ಹೋದೆವು. ಅವರು ಕಾರಿನ ಬೆನ್ನು ತಟ್ಟುತ್ತ ಅದರ ದೋಷಗಳನ್ನೆಲ್ಲ ತಾವಾಗಿಯೇ ಹೇಳಿದರು. ಹಿಂದಿನ ಎಡಗಡೆಯ ಗಾಜು ಅರ್ಧಕ್ಕೇ ನಿಲ್ಲುತ್ತದೆ, ಬೇಸಿಗೆಯಲ್ಲಿ ಎಸಿ ಬರೀ ಗಾಳಿ ಬಿಡುತ್ತದೆ, ಮುಂದಿನ ಬಂಪರಿಗೆ ಒಮ್ಮೆ ಎಮ್ಮೆ ಗುದ್ದಿದೆ. ಇಷ್ಟು ಸಣ್ಣ ದೋಷ ಹೇಳುವ ಮನುಷ್ಯ ದೊಡ್ಡದನ್ನು ಮುಚ್ಚಿಟ್ಟಿರಲೇಬೇಕೆಂದು ನನಗೆ ಗುಮಾನಿ ಬಂತು. ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಹನ್ನೊಂದು ಪ್ರಶ್ನೆಗಳನ್ನು ಕೇಳಿದೆ. ಅವರು ಹನ್ನೊಂದಕ್ಕೂ ಉತ್ತರ ಕೊಟ್ಟರು. ಒಂದೂ ನನಗೆ ತಿಳಿಯಲಿಲ್ಲ. ಗಂಭೀರವಾಗಿ ತಲೆಯಾಡಿಸಿದೆ.

ಸುವರ್ಣಾ ಮಾತ್ರ ಬಾನೆಟ್ ಎತ್ತಿಸಿ, ಇಂಜಿನ್ ಚಾಲೂ ಮಾಡಿಸಿ, ಒಂದು ನಿಮಿಷ ಕಿವಿಗೊಟ್ಟು ನಿಂತಳು. ಆಮೇಲೆ, ಗಾಡಿ ಚೆನ್ನಾಗಿದೆ, ತೊಗೊಳ್ಳಿ ಎಂದಳು. ಅವಳು ಸೋಲೊಪ್ಪಿಕೊಂಡಳೆಂದು ನಾನು ದಾಖಲಿಸಿಕೊಂಡೆ.

ಅಂದೇ ಹಣ ಕೊಟ್ಟು ಕಾರನ್ನು ಮನೆಗೆ ತಂದೆವು. ಆ ವಾರವೆಲ್ಲ ನಮ್ಮ ಓಣಿಯಲ್ಲಿ ಡೀಸೆಲ್ ಬಗ್ಗೆ ನನ್ನ ಉಪನ್ಯಾಸಗಳು ನಡೆದವು. ಗುರುವಾರ ರಜೆ ಹಾಕಿ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಮನಾಬಾದಿಗೆ ಹೊರಟೆ. ಸುವರ್ಣಾ ತಾನು ಕೆಲಸ ಮಾಡುವ ಅಂಗನವಾಡಿಗೆ ಹೋಗಿದ್ದಳು. ಊರ ಹೊರಗಿನ ಬಂಕಿನಲ್ಲಿ ಕಾರು ನಿಲ್ಲಿಸಿದೆ. ಪಕ್ಕದಲ್ಲೇ ಬೈಕಿಗೆ ಪೆಟ್ರೋಲ್ ಹಾಕಿಸುತ್ತಿದ್ದವನು ನಮ್ಮ ಓಣಿಯ ರೇವಣಪ್ಪ. ಆಡು ಕುರಿ ಸಾಕಿ ನಾಲ್ಕು ಕಾಸು ಮಾಡಿಕೊಂಡಿದ್ದ ಅವನೂ ಒಂದು ಹಳೆಯ ಕಾರು ಹುಡುಕುತ್ತಿದ್ದ. ಯಾವುದು ತೊಗೊಳ್ಳಲಿ ಮಾಸ್ತರ್ರೇ ಎಂದು ಕೇಳಿದ.

ಇಂಥ ಪ್ರಶ್ನೆಗೆ ಕೂತು ಉತ್ತರಿಸಬಾರದು. ಕಾರಿನಿಂದ ಇಳಿದೆ. ನಾನು ಎರಡನೆಯ ಅಂಶಕ್ಕೆ ಬಂದಿದ್ದಾಗ ಬಂಕಿನ ಹೆಣ್ಣುಮಗಳು, “ಪೆಟ್ರೋಲ್ ಹಾಕ್ಲೇನ್ರಿ ಸರ್?” ಎಂದು ಕೇಳಿದಳು.

ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವನ ನಾಲಿಗೆಗೆ ಈ ಪ್ರಶ್ನೆಗೆ ಒಂದೇ ಉತ್ತರ ಗೊತ್ತು. “ಹೂಂ, ಫುಲ್ ಮಾಡ್ರಿ” ಎಂದು ಹೆಗಲ ಮೇಲಿಂದ ಹೇಳಿ ಉಪನ್ಯಾಸ ಮುಂದುವರಿಸಿದೆ. ನನ್ನ ಡೀಸೆಲ್ ಕಾರಿನ ಹೊಟ್ಟೆಗೆ ಲೀಟರಿನ ಮೇಲೆ ಲೀಟರ್ ಪೆಟ್ರೋಲ್ ಇಳಿಯುತ್ತಿದ್ದಾಗ, ಅದರಿಂದ ಮೂರು ಅಡಿ ದೂರದಲ್ಲಿ ನಿಂತು, ಡೀಸೆಲ್ಲಿಗೂ ಪೆಟ್ರೋಲಿಗೂ ಇರುವ ವ್ಯತ್ಯಾಸವನ್ನು ನಾನು ಸವಿಸ್ತಾರವಾಗಿ ವಿವರಿಸುತ್ತಿದ್ದೆ!

ಹೆದ್ದಾರಿಗೆ ಬಂದು ಸ್ವಲ್ಪ ದೂರ ಕಾರು ಸುಮ್ಮನೆ ಓಡಿತು. ಆಮೇಲೆ ಕೆಮ್ಮಿತು. ದಾರಿಯಲ್ಲಿನ ರಾಜೇಶ್ವರ ಎಂಬ ಊರಿನ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡಿ, ಬಿಳಿ ಹೊಗೆ ಉಗುಳಿ, ರಸ್ತೆಯ ಪಕ್ಕ ನಿಂತುಬಿಟ್ಟಿತು.

ನನಗೆ ತಕ್ಷಣ ಎಲ್ಲವೂ ಸ್ಪಷ್ಟವಾಯಿತು. ಮಾಣಿಕಪ್ಪ ಕಾಕಾ ಮುಚ್ಚಿಟ್ಟ ದೊಡ್ಡ ದೋಷ ಇದೇ! ಫೋನ್ ಮಾಡಿದೆ. ಈ ವಯಸ್ಸಿನಲ್ಲಿ ಹೀಗೆ ಮೋಸ ಮಾಡಬಾರದಿತ್ತು, ಕಾಲಿಲ್ಲದ ಮುದುಕಿಯನ್ನು ಬಿಸಿಲಿಗೆ ಹಾಕಿದಿರಿ, ಹಣ ಪೂರಾ ವಾಪಸ್ ಕೊಡಬೇಕು ಎಂದೆ. ಹಿಂದಿನ ಸೀಟಿನಿಂದ ಅವ್ವ, ಮೆತ್ತಗೆ ಮಾತಾಡು, ಹಿರಿಯರು ಎಂದು ಹೇಳುತ್ತಲೇ ಇದ್ದಳು. ನಾನು ನಿರ್ಧಾರ ಮಾಡಿಯಾಗಿತ್ತು.

ಕಾಕಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ತಾಯಾರಿಗೆ ನೀರು ಅದಾವೇನ್ರಿ? ಅಲ್ಲೇ ಇರ್ರಿ, ಬರ್ತೀನಿ” ಎಂದರು.

ಅವರು ಬರುವವರೆಗೂ ನಾನು ಸುಮ್ಮನಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಏನಾಯಿತೆಂದು ಕೇಳಿದವರಿಗೆ, ಬೈಕ್ ನಿಲ್ಲಿಸಿದವರಿಗೆ, ನಡೆದು ಹೋಗುತ್ತಿದ್ದವರಿಗೆ ನನಗಾದ ಮೋಸವನ್ನು ಮೊದಲಿನಿಂದ ಹೇಳಿದೆ. ಹತ್ತು ಹನ್ನೆರಡು ಜನ ಸೇರಿದರು. ಎಲ್ಲರೂ ನನ್ನ ಪರವಾಗಿದ್ದರು.

ಮಾಣಿಕಪ್ಪ ಕಾಕಾ ಆಟೋದಲ್ಲಿ ಬಂದರು. ಜೊತೆಗೆ ಇಸ್ಮಾಯಿಲ್ ಎಂಬ ಮೆಕ್ಯಾನಿಕ್ ಇದ್ದ. ಕಾಕಾ ಮೊದಲು ಅವ್ವನಿಗೆ ನೀರು ಕೊಟ್ಟು, ಕೈ ಹಿಡಿದು ಆಟೋದ ನೆರಳಿನಲ್ಲಿ ಕೂರಿಸಿದರು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜೀವಮಾನವೆಲ್ಲ ದನದ ಮಾಲೀಕರನ್ನು ಕೇಳಿದ್ದ ಪ್ರಶ್ನೆಯನ್ನೇ ನನಗೂ ಕೇಳಿದರು.

“ಮುಂಜಾನೆ ಏನ್ ಕುಡಿಸೀರಿ ಇದಕ್ಕ?”

ಫುಲ್ ಟ್ಯಾಂಕ್ ಮಾಡಿಸಿದ್ದೇನೆ, ಸಾಕ್ಷಿ ಬೇಕೇ ಎಂದು ಅಂಗಿಯ ಜೇಬಿನಿಂದ ಬಂಕಿನ ಚೀಟಿ ತೆಗೆದು ಕೊಟ್ಟೆ. ಕನ್ನಡಕ ತಂದಿರದ ಕಾಕಾ ಅದನ್ನು ಇಸ್ಮಾಯಿಲನಿಗೆ ದಾಟಿಸಿದರು. ಅವನು ಓದಿದ. ಮತ್ತೊಮ್ಮೆ ಓದಿದ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, “ಸರ್, ಇದ್ರಾಗ ಪೆಟ್ರೋಲ್ ಅಂತ ಬರ್ದದ” ಎಂದ.

ಸೇರಿದ್ದ ಜನರಲ್ಲಿ ಒಬ್ಬರೂ ಹೋಗಿರಲಿಲ್ಲ. ಆಗ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಕಬ್ಬಿನ ಟ್ರ್ಯಾಕ್ಟರಿನವನು ಬೇರೆ ಕಡೆ ಮುಖ ತಿರುಗಿಸಿದ. ಅವನ ಭುಜ ಕುಣಿಯುತ್ತಿತ್ತು. ಆಟೋದೊಳಗಿಂದ ಅವ್ವ ಕೇಳಿದಳು:

“ಎರಡ್ ತಿಂಗ್ಳ ಅದನ್ನೇ ಬರ್ಯಾಕತ್ತಿದ್ದಿ ಅಲ್ಲೋ ತಮ್ಮಾ?”

ಕಾರು ಕೆಟ್ಟದ್ದಕ್ಕಿಂತ, ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಹನ್ನೆರಡು ಜನರ ಮುಂದೆ ಮೋಸಗಾರನೆಂದು ಕರೆದದ್ದು ನನ್ನನ್ನು ಹೆಚ್ಚು ಸುಟ್ಟಿತು. ಆ ಹನ್ನೆರಡೂ ಜನರ ಮುಂದೆಯೇ ಕ್ಷಮೆ ಕೇಳಬೇಕೆಂದು ನಿರ್ಧಾರ ಮಾಡಿದೆ. ಅವತ್ತಿನ ನಿರ್ಧಾರಗಳಲ್ಲಿ ಸರಿಯಾದದ್ದು ಅದೊಂದೇ. ಎರಡೂ ಕೈ ಮುಗಿದು ತಪ್ಪಾಯಿತು ಎಂದೆ. ಕಾಕಾ ನನ್ನ ಕೈ ಬಿಡಿಸಿದರು.

“ಎತ್ತಿನ ಔಷಧ ಎಮ್ಮಿಗಿ ಕುಡಿಸಿದವರ್ನ ಭಾಳ ಮಂದಿ ನೋಡೀನ್ರಿ ಮಾಸ್ತರ್ರ. ಅವ್ರೂ ಮದ್ಲ ನನಗೇ ಬೈದಾರ. ಫಿಕರ್ ಮಾಡಬ್ಯಾಡ್ರಿ.”

ಅವ್ವನನ್ನು ತಾವೇ ಆಟೋದಲ್ಲಿ ಹುಮನಾಬಾದಿಗೆ ಕರೆದೊಯ್ದು ಸಮಯಕ್ಕೆ ಸರಿಯಾಗಿ ವ್ಯಾಯಾಮ ಮಾಡಿಸಿದರು. ಕಬ್ಬು ಖಾಲಿ ಮಾಡಿ ಮರಳುತ್ತಿದ್ದ ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ನಾನು ಗ್ಯಾರೇಜು ತಲುಪಿದೆ. ಇಸ್ಮಾಯಿಲ್ ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಸಂಜೆಯೊಳಗೆ ಕಾರನ್ನು ಎಬ್ಬಿಸಿದ. ನಿಂತ ಮೇಲೆ ಮತ್ತೆ ಮತ್ತೆ ಚಾಲೂ ಮಾಡಲು ನೋಡಿದ್ದರೆ ಇಂಜಿನ್ ಹೋಗುತ್ತಿತ್ತಂತೆ. ನಾನು ಫೋನಿನಲ್ಲಿ ಜಗಳವಾಡುತ್ತ ಚಾವಿಯನ್ನೇ ಮರೆತದ್ದರಿಂದ ಉಳಿಯಿತಂತೆ.

ಮನೆಯಲ್ಲಿ ಅವ್ವ ಎಲ್ಲವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಸುವರ್ಣಾ ನಗಲಿಲ್ಲ, ಬೈಯಲಿಲ್ಲ. ಮರುದಿನ ಕೆಂಪು ಬಣ್ಣ ತಂದು ಟ್ಯಾಂಕಿನ ಮುಚ್ಚಳದ ಮೇಲೆ ಒಂದನೆಯ ತರಗತಿಯ ಮಕ್ಕಳೂ ಓದಬಹುದಾದಷ್ಟು ದೊಡ್ಡದಾಗಿ ‘ಡೀಸೆಲ್’ ಎಂದು ಬರೆದಳು. ರೇವಣಪ್ಪ ಪೆಟ್ರೋಲ್ ಕಾರು ಕೊಂಡ.

ಆದರೂ ನನ್ನ ಆಯ್ಕೆ ತಪ್ಪಲ್ಲ ಎಂದೇ ಇವತ್ತಿಗೂ ವಾದಿಸುತ್ತೇನೆ. ಆಯ್ಕೆ ಸರಿಯಿತ್ತು, ಅನುಷ್ಠಾನದಲ್ಲಿ ಸಣ್ಣ ಲೋಪವಾಯಿತು. ಪ್ರತಿ ವಾರ ನಾನೇ ಕಾರು ಓಡಿಸುತ್ತೇನೆ, ಈಗ ಸುವರ್ಣಾಳೂ ಜೊತೆಗೆ ಬರುತ್ತಾಳೆ. ಬಂಕಿನೊಳಗೆ ಹೋದ ಮೇಲೆ ಮಾತ್ರ ನಾನು ಬಾಯಿ ತೆರೆಯುವಂತಿಲ್ಲ, ಅಲ್ಲಿ ಅವಳೇ ಮಾತಾಡುತ್ತಾಳೆ. ನನಗೆ ಮಾತಾಡುವ ಅಧಿಕಾರವಿರುವುದು ಚಕ್ರಕ್ಕೆ ಗಾಳಿ ತುಂಬಿಸುವ ಜಾಗದಲ್ಲಿ. ಗಾಳಿಯಲ್ಲಿ ಎರಡು ಜಾತಿ ಇಲ್ಲ, ಹೀಗಾಗಿ ನಾನು ತಪ್ಪು ಮಾಡಲು ದಾರಿಯಿಲ್ಲ ಎಂಬುದು ಅವಳ ಲೆಕ್ಕ.

ಹೋದ ವಾರ ಗಾಳಿ ತುಂಬುವವನು ಪೈಪ್ ಹಿಡಿದುಕೊಂಡು ಬಂದು ಕೇಳಿದ: “ಸಾದಾ ಹವಾ ಹಾಕ್ಲೇನ್ರಿ ಸರ್, ನೈಟ್ರೋಜನ್ ಹಾಕ್ಲಿ?”

ನಾನು ಎರಡು ನಿಮಿಷ ಗಂಭೀರವಾಗಿ ಯೋಚಿಸಿದೆ. ಆಮೇಲೆ ಹೆಂಡತಿಯನ್ನು ಕರೆದೆ.