ಮರಕ್ಕೆ ಬೇಕಾದ ಬಾಯಾರಿಕೆ

ಬೆಳಿಗ್ಗೆ ಮಾವಿನ ಮರದ ಬುಡಕ್ಕೆ ಹೋದ ಟೈಲರ್‌ನ ಚಪ್ಪಲಿ ಪಚಕ್ಕೆಂದು ಕೆಸರಲ್ಲಿ ಹೂತುಹೋಯಿತು. ಎರಡು ತಿಂಗಳಿಂದ ಅವನು ಆ ಮರಕ್ಕೆ ಒಂದು ಲೋಟ ನೀರೂ ಹಾಕಿರಲಿಲ್ಲ.

ಬಾಡಿಗೆ ಮನೆಯ ಅಂಗಳದಲ್ಲಿ ಒಂಬತ್ತು ವರ್ಷದ ಹಿಂದೆ ಅವನೇ ಗೊರಟು ಹೂತು ಬೆಳೆಸಿದ ಮರ ಅದು. ಎಲೆ ಬಿಟ್ಟಿತೇ ಹೊರತು ಹೂವಿನ ಸುದ್ದಿಯೆತ್ತಲಿಲ್ಲ. "ಮಳೆಗಾಲ ಮುಗಿದ್ಮೇಲೆ ನೀರು ನಿಲ್ಲಿಸಿ. ಮಣ್ಣು ಒಣಗ್ಲಿ. ಬಾಯಾರಿದ್ರೇನೇ ಮಾವು ಹೂ ಬಿಡೋದು," ಎಂದಿದ್ದ ನರ್ಸರಿಯವನು. ಮನೆ ಓನರ್ ಗಡುವನ್ನೂ ಕೊಟ್ಟಿದ್ದರು: ಇವತ್ತು ಸಂಜೆಯೊಳಗೆ ಒಂದು ಹೂವಾದರೂ ಕಾಣದಿದ್ದರೆ ಮರ ಕಡಿಸಿ ಅಲ್ಲಿ ಕಾರು ನಿಲ್ಲಿಸುವುದು.

ಟೈಲರ್ ಅಂಗಡಿಗೆ ರಜೆ ಹಾಕಿ, ಬಾಗಿಲ ಹಿಂದೆ ಹೊಂಚು ಹಾಕಿ ಕೂತ. ಮೊದಲು ಮಹಡಿ ಮನೆಯ ಅಜ್ಜಿ ತರಕಾರಿ ತೊಳೆದ ನೀರು ಹಿಡಿದು ಬಂದರು.

"ಅಯ್ಯೋ, ಹಾಕ್ಬೇಡಿ ಅಜ್ಜಿ! ಅದಕ್ಕೆ ಬಾಯಾರಿಕೆ ಆಗ್ಬೇಕು!" ಟೈಲರ್ ಓಡಿಬಂದು ಮರಕ್ಕೆ ಅಡ್ಡ ನಿಂತ.

"ನಿನ್ನನ್ನ ಎರಡು ತಿಂಗಳು ನೀರಿಲ್ದೆ ಕೂರಿಸ್ತೀನಿ, ಹೂ ಬಿಡ್ತೀಯಾ ನೋಡೋಣ. ದಿನಾ ಮಧ್ಯಾಹ್ನ ನಾನು ಕೂರೋದು ಇದರ ನೆರಳಲ್ಲೇ ಕಣಪ್ಪಾ."

ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಬಕೆಟ್ ನೀರು ಹಾರಿಬಂದು ಅರ್ಧ ಮರಕ್ಕೆ, ಅರ್ಧ ಟೈಲರ್‌ಗೆ ಬಿತ್ತು. ಪಕ್ಕದ ಮನೆಯ ಕಂಪೌಂಡರ್ ತಲೆಯೆತ್ತಿ ನೋಡಿದರು. "ಓ, ನೀವಾ! ಮರ್ತಿದ್ದೀರೇನೋ ಅಂತ ದಿನಾ ನಾನೇ ಹಾಕ್ತಿದ್ದೆ."

ತೊಯ್ದು ತೊಪ್ಪೆಯಾದ ಟೈಲರ್ ತಿರುಗಿ ನೋಡಿದರೆ ಹೆಂಡತಿಯ ಕೈಯಲ್ಲೂ ಪಾತ್ರೆ.

"ನಿನಗೆ ಹೇಳಿದ್ದೆನಲ್ಲೇ!"

"ನೀರು ಹಾಕ್ಬೇಡ ಅಂದಿದ್ರಿ. ಇದು ಪಾತ್ರೆ ತೊಳೆದದ್ದು. ಇದೂ ಲೆಕ್ಕವಾ?"

ಸಂಜೆ ಓನರ್ ಕೊಡಲಿಯವನೊಂದಿಗೆ ಬಂದರು. ಮರದಲ್ಲಿ ಹೂವಿರಲಿಲ್ಲ. ಆದರೆ ಕೊನೆಯ ಸಲ ನೀರು ಹಾಕೋಣವೆಂದು ಅಜ್ಜಿ, ಕಂಪೌಂಡರ್, ಹೆಂಡತಿ ಮೂವರೂ ಬಕೆಟ್ ಹಿಡಿದು ನಿಂತಿದ್ದರು. ಟೈಲರ್ ಬುಡವನ್ನೇ ತಬ್ಬಿಕೊಂಡಿದ್ದ. ಅಜ್ಜಿ ಮೂಗೊರೆಸಿಕೊಂಡರು.

ಓನರ್ ಕೊಡಲಿಯವನನ್ನು ಕೈಯೆತ್ತಿ ತಡೆದರು. "ಇಷ್ಟು ಜನ ಸಾಕಿದ ಮರ... ಛೇ! ಕಡಿಯೋದು ಬೇಡ. ಕಾರು ರಸ್ತೇಲೇ ಇರ್ಲಿ."

ಟೈಲರ್‌ನ ಕಣ್ಣು ತುಂಬಿ ಬಂತು. ಮರ ಉಳಿಸಿದ್ದು ಆ ಹಾಳು ನೀರೇ! ಒಬ್ಬೊಬ್ಬರಿಗೂ ಕೈ ಮುಗಿದ. ಬೆಳಿಗ್ಗೆ ಬೈದದ್ದಕ್ಕೆ ನಾಚಿಕೆಯೂ ಆಯಿತು. ಮುಂದಿನ ವರ್ಷ ಎಲ್ಲರಿಗೂ ತಿಳಿಸಿ ಹೇಳಿದರಾಯಿತು, ಹೂವು ಎಲ್ಲಿಗೆ ಹೋಗುತ್ತದೆ?

"ಆದ್ರೆ ಇವರೆಲ್ಲ ಬಕೆಟ್ ಹೊರೋದು ನೋಡೋಕಾಗಲ್ಲಪ್ಪ," ಎಂದರು ಓನರ್. "ಮೂವತ್ತು ವರ್ಷ ನೀರು ಸರಬರಾಜು ಇಲಾಖೇಲಿದ್ದವನು ನಾನು. ನಾಳೇನೇ ಬುಡಕ್ಕೆ ಪೈಪ್ ಎಳೆಸ್ತೀನಿ. ವರ್ಷಪೂರ್ತಿ ನೀರು, ಹಗಲೂ ರಾತ್ರಿ!"

ಮೂವರೂ ಚಪ್ಪಾಳೆ ತಟ್ಟಿದರು. ಕೊಡಲಿಯವನು ಇನ್ನೂ ಅಲ್ಲೇ ನಿಂತಿದ್ದ. ಟೈಲರ್ ಅವನನ್ನೊಮ್ಮೆ, ಮರವನ್ನೊಮ್ಮೆ ನೋಡಿದ.

"ತುಂಬಾ ಉಪಕಾರವಾಯ್ತು ಸಾರ್," ಎಂದು ಕೊರಳಲ್ಲಿದ್ದ ಟೇಪು ತೆಗೆದು, ಪೈಪು ಎಷ್ಟುದ್ದ ಬೇಕೆಂದು ತಾನೇ ಅಳೆದುಕೊಟ್ಟ.