ವಡಾಲಕ್ಕೆ ಹೋದ ಅಂಗಡಿ, ಫೋರ್ಟಿನಲ್ಲೇ ಉಳಿದ ನಂಬರು

ಅಂಗಡಿಯ ಸಾಮಾನನ್ನು ಒಂದು ಟೆಂಪೋದಲ್ಲಿ ಸಾಗಿಸಬಹುದು. ಗಿರಾಕಿಗಳನ್ನು ಹಾಗೆ ಸಾಗಿಸಲಾಗುವುದಿಲ್ಲ. ಮುಂಬಯಿಯಲ್ಲಿ ಜಾಗ ಬದಲಿಸಿದ ಯಾರನ್ನು ಕೇಳಿದರೂ ಇಂಥದ್ದೊಂದು ಕತೆ ಹೇಳುತ್ತಾರೆ. ನಮ್ಮ ಪಾಲಿಗೆ ಒಂದಕ್ಕೆ ನಿಲ್ಲಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮುಂಬಯಿಯ ಆಫೀಸುಗಳೆಲ್ಲ ತುಂಬಿರುವ ಫೋರ್ಟ್ ಪ್ರದೇಶದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಟೈಪ್‌ರೈಟರ್ ರಿಪೇರಿ ಅಂಗಡಿ ಇತ್ತು. ಇದ್ದವರು ಮೂವರು: ಮೈಸೂರು ಕಡೆಯ ಮಾಲೀಕರು, ವಿಜಾಪುರದ ಕಡೆಯ ಮೆಕ್ಯಾನಿಕ್, ಫೋನ್ ಎತ್ತಿ ದೂರು ಬರೆದುಕೊಳ್ಳುವ ನಾನು. ಬ್ಯಾಂಕಿನಿಂದಲೋ ಕೋರ್ಟಿನಿಂದಲೋ ಫೋನ್ ಬಂದರೆ ಮೆಕ್ಯಾನಿಕ್ ಚೀಲ ಹಿಡಿದು ಹೊರಡುತ್ತಿದ್ದ. ಒಂದು ದಿನ ಕಟ್ಟಡದ ಒಡೆಯರ ಮಗನಿಗೆ ನಮ್ಮ ಕೋಣೆಯೇ ಬೇಕಾಯಿತು. ನಾವು ದೂರದ ವಡಾಲ ಸ್ಟೇಷನ್ ಹತ್ತಿರ, ಸಾಲುಕೋಣೆಗಳ ಒಂದು ಚಾಳಿನ ಕೆಳಮಹಡಿಗೆ ಬಂದೆವು.

ಬಂದ ದಿನವೇ ಮಾಲೀಕರು ಹೇಳಿದರು: "ನೋಡ್ರಪ್ಪಾ, ಗಣಪತಿ ಹಬ್ಬದೊಳಗೆ ಹಳೇ ಗಿರಾಕಿಗಳು ನಮ್ಮನ್ನ ಹುಡುಕ್ಕೊಂಡು ಬಂದ್ರೆ ಅಂಗಡಿ ಉಳಿಯುತ್ತೆ. ಇಲ್ದಿದ್ರೆ ಬಾಗಿಲು ಹಾಕಿ ಮೂವರೂ ಬೇರೆ ಕೆಲಸ ನೋಡ್ಕೊಳ್ಳೋಣ."

ಆಗ ಏಪ್ರಿಲ್ ತಿಂಗಳು.

ವಾಚ್‌ಮನ್‌ಗೆ ಪರೀಕ್ಷೆ

ಹಳೆಯ ಕಟ್ಟಡದ ಗೇಟಿನಲ್ಲಿ ಒಬ್ಬ ವಾಚ್‌ಮನ್ ಇದ್ದ. ಯಾರಾದರೂ ನಮ್ಮನ್ನು ಕೇಳಿಕೊಂಡು ಬಂದರೆ ವಡಾಲದ ವಿಳಾಸ ಹೇಳಬೇಕೆಂದು ಅವನಿಗೆ ಒಪ್ಪಿಸಿ, ವಿಳಾಸ ಬರೆದ ಚೀಟಿಗಳ ಒಂದು ಕಟ್ಟನ್ನೂ ಕೊಟ್ಟಿದ್ದೆವು. ಎರಡು ವಾರ ಒಬ್ಬರೂ ಬರಲಿಲ್ಲ. ಇವನು ಹೇಳುತ್ತಿಲ್ಲ ಎಂದು ಮಾಲೀಕರಿಗೆ ಅನುಮಾನ. ಪರೀಕ್ಷೆ ಮಾಡಲು ತಾವೇ ಹೊರಟರು. ಗುರುತು ಸಿಗಬಾರದೆಂದು ಭಾವಮೈದುನನ ಸಫಾರಿ ಸೂಟು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡರು.

ಗೇಟಿನ ಬಳಿ ಹೋಗಿ, "ಇಲ್ಲಿ ಟೈಪ್‌ರೈಟರ್ ರಿಪೇರಿ ಅಂಗಡಿ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರಂತೆ.

ವಾಚ್‌ಮನ್ ಅವರನ್ನು ಸ್ವಲ್ಪ ಹೊತ್ತು ನೋಡಿದ. ತನ್ನ ಸ್ಟೂಲಿನ ಮೇಲೆ ಕೂರಿಸಿದ. ಕುಡಿಯಲು ನೀರು ಕೊಟ್ಟ. ಆಮೇಲೆ ಮೆಲ್ಲಗೆ, "ಸೇಠ್, ಆಪ್ ತೋ ವಡಾಲ ಚಲೇ ಗಯೇ. ಭೂಲ್ ಗಯೇ ಕ್ಯಾ?" ಎಂದು, ವಡಾಲಕ್ಕೆ ಹೋದದ್ದೇ ಮರೆತಿರಾ ಎಂಬಂತೆ ಕೇಳಿ, ಒಂದು ಚೀಟಿಯನ್ನು ಅವರ ಜೇಬಿಗೇ ತುರುಕಿ, ಕೈಹಿಡಿದು ರಸ್ತೆ ದಾಟಿಸಿದ.

ಮಾಲೀಕರು ಸಂತೋಷದಿಂದ ಮರಳಿದರು. "ಪಾಸಾದ ಕಣ್ರೀ," ಅಂದರು.

ವಾಚ್‌ಮನ್‌ಗೆ ಮಾತ್ರ ಸಂತೋಷವಾಗಿರಲಿಲ್ಲ. ಸೇಠ್‌ಗೆ ತನ್ನ ಅಂಗಡಿ ಎಲ್ಲಿದೆಯೆಂಬುದೇ ಮರೆತುಹೋಗಿದೆ, ಪಾಪ, ಎಂದು ಅವನು ಬಂದವರಿಗೆಲ್ಲ ಹೇಳಿದ. ಮುಂದಿನ ವಾರ ವಡಾಲಕ್ಕೆ ಬಂದ ಮೊದಲ ಹಳೆಯ ಗಿರಾಕಿಯ ಕೈಯಲ್ಲಿ ಟೈಪ್‌ರೈಟರ್ ಇರಲಿಲ್ಲ. ಅರ್ಧ ಡಜನ್ ಮೋಸಂಬಿ ಇತ್ತು.

ಚೊಕ್ಕಟದ ತೊಂದರೆ

ಹೊಸ ಜಾಗ, ಹೊಸ ರೂಪ ಎಂದು ಮಾಲೀಕರು ಅಂಗಡಿಗೆ ಬಿಳಿ ಬಣ್ಣ ಹೊಡೆಸಿದ್ದರು. ಎರಡು ಟ್ಯೂಬ್‌ಲೈಟು, ಗಾಜಿನ ಬಾಗಿಲು, ಗೋಡೆಯುದ್ದಕ್ಕೂ ಕುರ್ಚಿಗಳ ಸಾಲು. ಮೆಕ್ಯಾನಿಕ್‌ಗೂ ಒಂದು ಬಿಳಿ ಕೋಟು ಹೊಲಿಸಿದ್ದರು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡು ಎಣ್ಣಿ ಹೆಂಗ ಮುಟ್ಟಲಿರೀ ಸಾಹೇಬ್ರ?" ಎಂದು ಕೇಳಿದ್ದ.

ಮೋಸಂಬಿ ತಂದವರ ಮಾತು ಕೇಳಿ ಇನ್ನೂ ಕೆಲವರು ಬಂದರು. ಗಾಜಿನಾಚೆ ನಿಂತು ನೋಡಿ, ಹಾಗೇ ಹೋದರು. ಕೋರ್ಟಿನ ಒಬ್ಬ ಟೈಪಿಸ್ಟರನ್ನು ನಾನು ಓಡಿಹೋಗಿ ಹಿಡಿದು ಕರೆತಂದೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ನಿಮ್ಮದೇ ಅಂಗಡೀನಾ? ಫೋರ್ಟಿನಲ್ಲಿ ಬಾಗಿಲು ತೆಗೆದರೆ ಎಣ್ಣೆ ವಾಸನೆ ಬರ್ತಿತ್ತು. ಧೈರ್ಯ ಇರ್ತಿತ್ತು," ಅಂದರು.

ಮರುದಿನ ಒಬ್ಬರು ಯಾವ ಅನುಮಾನವೂ ಇಲ್ಲದೆ ನೇರವಾಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮಾಲೀಕರ ಮುಖ ಅರಳಿತು. ಬಂದವರು ಕೆನ್ನೆ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಮೆಕ್ಯಾನಿಕ್ ಬಿಳಿ ಕೋಟು ತೊಟ್ಟು, ಕೈಯಲ್ಲಿ ಇಕ್ಕಳ ಹಿಡಿದು ಒಳಗಿನಿಂದ ಬಂದು, "ಯಾವುದು ಅಲಗಾಡಾಕತ್ತೇತ್ರೀ?" ಎಂದು ಕೇಳಿದ.

ಆ ಮನುಷ್ಯ ಬಾಯಿ ತೆರೆದು ಬೆರಳಿಟ್ಟು ತೋರಿಸಿದರು.

ಸಂಜೆಯೇ ಗಾಜಿನ ಮೇಲೆ ಹಳೆಯ ಕ್ಯಾಲೆಂಡರು, ಮೇಜಿನ ಮೇಲೆ ಹಳೆಯ ಎಣ್ಣೆ ಬಟ್ಟೆ ಬಂತು. ಒಂದು ಟ್ಯೂಬ್‌ಲೈಟ್ ತೆಗೆದೆವು. "ಧೂಳು ಒರೆಸಬೇಡಿ," ಎಂದು ಮಾಲೀಕರ ಅಪ್ಪಣೆಯಾಯಿತು. ಮೆಕ್ಯಾನಿಕ್ ಹದಿನಾರು ವರ್ಷಗಳ ನೌಕರಿಯಲ್ಲಿ ತಕ್ಷಣ ಪಾಲಿಸಿದ ಅಪ್ಪಣೆ ಅದೊಂದೇ.

ಫೋನ್ ಎತ್ತಿದರೆ ಟೀಚರು

ಎಲ್ಲಕ್ಕಿಂತ ದೊಡ್ಡ ತೊಂದರೆ ಫೋನಿನದು. ಗಿರಾಕಿಗಳಿಗೆ ನಮ್ಮ ವಿಳಾಸಕ್ಕಿಂತ ನಂಬರು ಬಾಯಿಪಾಠ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನ ನಿಯಮದಂತೆ ಫೋರ್ಟಿನ ನಂಬರು ಫೋರ್ಟಿನಲ್ಲೇ ಉಳಿಯಬೇಕು, ವಡಾಲದಲ್ಲಿ ನಮಗೆ ಬೇರೆಯದು. ಅದೀಗ ಯಾರ ಪಾಲಾಗಿದೆ ನೋಡೋಣವೆಂದು ಜೂನ್‌ನಲ್ಲಿ ಒಂದು ದಿನ ಮಾಲೀಕರು ಹಳೆಯ ನಂಬರು ತಿರುಗಿಸಿದರು. ಟೈಪ್‌ರೈಟರ್ ಅಂಗಡಿಯವನು ಎಂದು ಅವರು ಹಿಂದಿಯಲ್ಲಿ ಹೇಳಿದ ರಾಗಕ್ಕೇ ಅತ್ತ ಕಡೆಯಿಂದ ಹೆಂಗಸಿನ ದನಿ ಬಂತು, ಅದೂ ಕನ್ನಡದಲ್ಲಿ.

"ನೀವೇ ಅಲ್ವಾ ಆ ಟೈಪ್‌ರೈಟರಿನವರು? ನಿಮ್ಮನ್ನೇ ಕಾಯ್ತಾ ಇದ್ದೆ. ಎಂಟು ವರ್ಷ ಕಾದ ಮೇಲೆ ನಮ್ಮ ಮನೆಗೆ ಫೋನ್ ಬಂದದ್ದು, ಸಿಕ್ಕಿದ್ದು ನಿಮ್ಮ ಹಳೇ ನಂಬರು. ಮೊದಲ ಸಲ ಬೆಲ್ ಆದಾಗ ಊರಿಂದ ತಂಗಿ ಮಾಡಿದ್ದು ಅಂತ ಓಡಿ ಬಂದೆ. ನೋಡಿದ್ರೆ ಯಾರೋ ಗಂಡಸು, ರಿಬ್ಬನ್ ಸಿಕ್ಕಿಹಾಕಿಕೊಂಡಿದೆ, ಯಾರನ್ನಾದ್ರೂ ಕಳಿಸಿ ಅಂದ. ಎಂತ ಮಾಡುದು ಹೇಳಿ?"

ಅವರು ಉಡುಪಿ ಕಡೆಯ ನಿವೃತ್ತ ಶಾಲಾ ಟೀಚರು. ಫೋರ್ಟಿನಲ್ಲಿ ಮಗನ ಕ್ವಾರ್ಟರ್ಸಿನಲ್ಲಿದ್ದರು, ಹಗಲೆಲ್ಲ ಒಬ್ಬರೇ. ಮಾಲೀಕರು ಕ್ಷಮೆ ಕೇಳಿದರು; ಯಾರಾದರೂ ಫೋನ್ ಮಾಡಿದರೆ ನಮ್ಮ ಹೊಸ ನಂಬರು ಹೇಳಬಹುದೇ ಎಂದು ಬೇಡಿಕೊಂಡರು.

"ಹೇಳ್ತೇನೆ. ಬರ್ಕೊಳ್ಳದವರ ಹೆಸರು ನಾನೇ ಬರೆದಿಡ್ತೇನೆ. ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳಿ."

ಬೆಳಗಿನ ಫೋನಿನ ಕೆಲಸ ಮೆಕ್ಯಾನಿಕ್ ಪಾಲಿಗೆ ಬಂತು. ಮರುದಿನದಿಂದಲೇ ಕರೆಗಳು ಬರತೊಡಗಿದವು. ನಮ್ಮ ಕಡೆಯವರೇ ಆದ ಒಬ್ಬ ಬ್ಯಾಂಕ್ ಮ್ಯಾನೇಜರು ನನ್ನನ್ನು ಕೇಳಿದರು: "ಯಾರ್ರೀ ಆ ಮೇಡಂ? ನಂಬರು ಬರೆಸಿ, ಎರಡು ಸಲ ಓದಿಸಿ, ತಪ್ಪಿದ್ದಕ್ಕೆ ಮತ್ತೆ ಬರೆಸಿದ್ರು."

"ನೀವೇನು ಮಾಡಿದ್ರಿ ಸಾರ್?"

"ನಿಂತ್ಕೊಂಡು ಬರೆದೆ."

ಹೆಡ್ ಆಫೀಸು

ಆಗಸ್ಟ್ ಹೊತ್ತಿಗೆ ಕರೆಗಳು ಮತ್ತೆ ಇಳಿದವು. ಹಬ್ಬಕ್ಕೆ ತಿಂಗಳೂ ಉಳಿದಿರಲಿಲ್ಲ. ಮಾಲೀಕರು ಬೇರೆ ಕೆಲಸದ ಜಾಹೀರಾತುಗಳನ್ನು ನೋಡತೊಡಗಿದ್ದರು. ನನ್ನ ಮುಂದೆಯೂ ಒಂದು ಹಾಳೆ ಸರಿಸಿದರು. ಆದರೂ ಟೀಚರಿಗೆ ಧನ್ಯವಾದ ಹೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು, ಪಕ್ಕದ ಮಾಟುಂಗದಿಂದ ಚಕ್ಕುಲಿ ಕಟ್ಟಿಸಿಕೊಂಡು ಮೂವರೂ ಫೋರ್ಟಿಗೆ ಹೋದೆವು.

ನಾವು ಕೂತಿದ್ದಂತೆಯೇ ಫೋನ್ ಬಂತು. ಟೀಚರು ಎತ್ತಿದರು.

"ಹೌದು, ಹೇಳಿ. ಕ್ಯಾರೇಜ್ ಮುಂದೆ ಹೋಗ್ತಾ ಇಲ್ವಾ? ಮಾರ್ಜಿನ್ ಎಲ್ಲಿ ಇಟ್ಟಿದ್ದೀರಿ ನೋಡಿದ್ರಾ? ಸರಿಸಿ. ಈಗ? ಹೋಯ್ತಲ್ಲ. ಅಕ್ಷರದ ಹೊಟ್ಟೆಯಲ್ಲಿ ಮಸಿ ಉಂಟಾ? ಹಳೇ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ. ಮೆಲ್ಲ ಉಜ್ಜಿ. ಛೆ, ಇಷ್ಟಕ್ಕೆಲ್ಲ ಅವರು ಅಷ್ಟು ದೂರದಿಂದ ಯಾಕೆ ಬರ್ಬೇಕು?"

ಮಾಲೀಕರು ಮೆಕ್ಯಾನಿಕ್‌ನನ್ನು ನೋಡಿದರು. ಅವನು ಚಕ್ಕುಲಿ ಪೊಟ್ಟಣವನ್ನು ನೋಡುತ್ತಿದ್ದ.

"ದಿನಾ ಮುಂಜಾನೆ ಫೋನ್ ಮಾಡಿದಾಗ ಅಕ್ಕಾರು ಕೇಳ್ತಿದ್ರರೀ, ನಿನ್ನೀದು ಏನಾಗಿತ್ತು, ಹೆಂಗ ರಿಪೇರಿ ಮಾಡಿದಿ ಅಂತ. ದೊಡ್ಡವರು ಕೇಳಿದ್ರ ಹೇಳೂದಿಲ್ಲ ಅನ್ನಾಕ ಆಗ್ತೈತೇನ್ರೀ?" ಎಂದ.

ಟೀಚರು ಒಂದು ನೋಟ್‌ಬುಕ್ ತಂದು ತೋರಿಸಿದರು. ಎಡಪುಟದಲ್ಲಿ ರೋಗ, ಬಲಪುಟದಲ್ಲಿ ಮದ್ದು, ಕೆಳಗೆ ಗಿರಾಕಿಯ ಹೆಸರು, ನಂಬರು. ನಮ್ಮ ಗಿರಾಕಿಗಳ ಅಷ್ಟು ಒಳ್ಳೆಯ ಪಟ್ಟಿ ನಮ್ಮಲ್ಲೇ ಇರಲಿಲ್ಲ.

ಮಾಲೀಕರು ತಲೆ ತಗ್ಗಿಸಿ ವಿಷಯ ಹೇಳಿದರು: ಹೀಗೇ ಆದರೆ ಗಣಪತಿಗೆ ಅಂಗಡಿಯ ಬಾಗಿಲು ಹಾಕಬೇಕು.

"ಇದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ?" ಎಂದರು ಟೀಚರು. ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ಡಯಲ್ ತಿರುಗಿಸಿದರು. "ನಮಸ್ಕಾರ. ನಿಮ್ಮ ರೋಲರ್ ಈಗ ಹೇಗುಂಟು? ಒಳ್ಳೇದು. ಆದ್ರೆ ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಎಣ್ಣೆ ಹಾಕಿಸ್ಲೇಬೇಕು. ಅದು ಫೋನಿನಲ್ಲಿ ಆಗುದಿಲ್ಲ. ಹಬ್ಬದೊಳಗೆ ವಡಾಲಕ್ಕೆ ಕಳಿಸಿ. ಸೋಮವಾರ ಕಳಿಸ್ತೀರಾ, ಮಂಗಳವಾರವಾ?"

ಕಳಿಸುವುದಿಲ್ಲ ಎನ್ನಲು ಅವರು ಯಾರಿಗೂ ಜಾಗ ಬಿಡಲಿಲ್ಲ.

ಹಬ್ಬದ ಹಿಂದಿನ ವಾರ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಯಾಂಕ್ ಮ್ಯಾನೇಜರು ಟ್ಯಾಕ್ಸಿಯಲ್ಲಿ ನಾಲ್ಕು ಮೆಷಿನ್ ಹೇರಿಕೊಂಡು ತಾವೇ ಬಂದರು. ಸುತ್ತ ನೋಡಿ, "ಪರವಾಗಿಲ್ಲ. ಈ ಬ್ರಾಂಚು ಯಾವಾಗ ತೆರೆದ್ರಿ?" ಎಂದು ಕೇಳಿದರು.

"ಬ್ರಾಂಚು?"

"ಹೂಂ. ಫೋರ್ಟಿನ ನಿಮ್ಮ ಹೆಡ್ ಆಫೀಸಿನ ಮೇಡಂ ಕಳಿಸಿದ್ರು."

ಇಪ್ಪತ್ತು ವರ್ಷ ಫೋರ್ಟಿನಲ್ಲಿದ್ದ ನಮ್ಮ ಮಾಲೀಕರು ರಸೀದಿ ಪುಸ್ತಕ ಎಳೆದುಕೊಂಡರು. "ಏಪ್ರಿಲ್‌ನಲ್ಲಿ ಸಾರ್," ಅಂದರು.

ಸಂಜೆ ಇದನ್ನು ಟೀಚರಿಗೆ ತಿಳಿಸಿ ನಕ್ಕರು. ಟೀಚರು ನಗಲಿಲ್ಲ. "ಹೆಡ್ ಆಫೀಸು ಅಂದ ಮೇಲೆ ಒಮ್ಮೆ ಬಂದು ನೋಡ್ಬೇಕಲ್ಲ," ಅಂದರು.

ಹಬ್ಬ ಮುಗಿದ ಸೋಮವಾರ ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಬಂದೇಬಿಟ್ಟರು. ಯಾರನ್ನೂ ಮಾತಾಡಿಸದೆ ಮೇಜಿನ ಬಳಿ ಹೋಗಿ, ಅದರ ಮೇಲೆ ಬೆರಳೆಳೆದು, ಆ ಬೆರಳನ್ನು ನಮ್ಮತ್ತ ತೋರಿಸಿದರು.

"ಅದು ಗಿರಾಕಿಗಳಿಗೋಸ್ಕರ ಇಟ್ಟಿರೋ ಧೂಳು, ಅಮ್ಮ," ಎಂದು ಮಾಲೀಕರು ವಿವರಿಸಿದರು.

ವಿವರಿಸುವಾಗ ನಾವು ಮೂವರೂ ಎದ್ದು ನಿಂತಿದ್ದೆವು.